ಚಿತ್ರಗಾರನಿಗೆ ಯಾವ ಪುಸ್ತಕ?

ಕಳೆದ ಶ್ರಾವಣದ ಒಂದು ಸಂಜೆ ಅಫಜಲಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅಂಗಡಿಗಳ ಬೋರ್ಡು ಬರೆದು ಇಪ್ಪತ್ತು ವರ್ಷ ಸಂಸಾರ ತೂಗಿಸಿದವನು. ಫ್ಲೆಕ್ಸ್ ಮುದ್ರಣ ಬಂದಮೇಲೆ ಅವನ ಕುಂಚಗಳು ಡಬ್ಬಿಯಲ್ಲಿಯೇ ಒಣಗಿದವು. ಈಗ ಯಾರೋ ಪ್ರಕಾಶಕರು ಮಕ್ಕಳ ಕಥೆಯೊಂದಕ್ಕೆ ಚಿತ್ರ ಬರೆಯುವ ಕೆಲಸ ಒಪ್ಪಿಸಿದ್ದಾರೆ. ಚೆನ್ನಾಗಿ ಬಂದರೆ ಮುಂದೆ ಇನ್ನಷ್ಟು ಕೆಲಸ. ಇಲ್ಲವಾದರೆ ಅಲ್ಲಿಗೆ ಮುಗಿಯಿತು. “ಸರ, ಎರಡು ಸಾವಿರ ರೂಪಾಯಿ ಕೂಡಿಟ್ಟೀನ್ರಿ. ಬೋರ್ಡಿನ ಕೈ ಹೋಗಿ ಚಿತ್ರದ ಕೈ ಬರಬೇಕ್ರಿ. ಯಾವ ಪುಸ್ತಕ ತಗೊಳ್ಳಲಿ, ನೀವೇ ಹೇಳ್ರಿ” ಎಂದು ಕೇಳಿದ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕನಾಗಿ ಮೂವತ್ತೊಂದು ವರ್ಷ ಕಳೆದ ನನ್ನನ್ನು ಅದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವರು ಕೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಅಂದು ಉತ್ತರ ಕೊಡಹೋದಾಗ ನನ್ನದೇ ಒಂದು ಹಳೆಯ ಅಪರಾಧ ನೆನಪಿಗೆ ಬಂದು ಬಾಯಿ ಕಟ್ಟಿತು. ಅದನ್ನು ಆಮೇಲೆ ನಿವೇದಿಸುತ್ತೇನೆ.

ನಮ್ಮ ಕಡೆಯ ಹುಡುಗನಿಗೆ ಚಿತ್ರವೆಂದರೆ ಮೊದಲು ಕ್ಯಾಲೆಂಡರು. ಹಳಿಯುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳಿಂದ ಪೌರಾಣಿಕ ಕ್ಯಾಲೆಂಡರುಗಳವರೆಗೆ ಬರೆದುದನ್ನು ನೋಡಿಯೇ ನಮ್ಮಲ್ಲಿ ಎಷ್ಟೋ ಜನ ಪೆನ್ಸಿಲು ಹಿಡಿದೆವು. ಅವರ ಮೊದಲ ಗುರುಗಳು ಶಂಕರರಾವ್ ಆಳಂದಕರ; ಹೆಸರಿನಲ್ಲಿಯೇ ಆಳಂದವಿದೆ. ಆದರೆ ಪಂಡಿತರು ಮದರಾಸು, ಮುಂಬಯಿಗಳಿಗೆ ಹೋಗಿ, ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಕಲಿತರು. ನಾವು ಕೇವಲ ಪಂಡಿತರನ್ನು ಎದುರಿಗೆ ಇಟ್ಟುಕೊಂಡು ಕಲಿತೆವು. ನಮ್ಮ ಭೀಮನ ತೋಳಿನಲ್ಲಿ ಎಲುಬಿಲ್ಲದೆ ಹೋದುದು ಇದರಿಂದಲೇ.

ಎಲುಬಿನ ಮಾತಿಗೆ ಅಮೆರಿಕದ ಆಂಡ್ರ್ಯೂ ಲೂಮಿಸ್ 1943ರಲ್ಲಿ ಹೊರತಂದ ‘ಫಿಗರ್ ಡ್ರಾಯಿಂಗ್’ ಪುಸ್ತಕ ಇಂದಿಗೂ ಒಳ್ಳೆಯದು. ತಲೆಯ ಅಳತೆ, ಭುಜದ ಓಟ, ದೇಹದ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ ಎಂಬುದೆಲ್ಲ ಅದರಲ್ಲಿದೆ. ಒಂದೇ ಕೊರತೆ: ಅಲ್ಲಿಯ ಜನ ನಿಂತು, ನಡೆದು, ಕುರ್ಚಿಯಲ್ಲಿ ಕೂತು ಬಾಳುವವರು. ನಮ್ಮವರೋ ಕುಕ್ಕರುಗಾಲಿನಲ್ಲಿ ಕೂತು ರೊಟ್ಟಿ ಬಡಿಯುತ್ತಾರೆ, ತೊಗರಿ ಕೇರುತ್ತಾರೆ, ಪಂಚಾಯಿತಿ ಮಾಡುತ್ತಾರೆ. ಮಡಚಿದ ಮೊಣಕಾಲಿನ ಮೇಲೆ ಸೀರೆಯ ನೆರಿಗೆ ಹೇಗೆ ಬೀಳುತ್ತದೆಂಬುದನ್ನು ಲೂಮಿಸ್ ಹೇಳಲಾರ. ಅದಕ್ಕೆ 1938ರ ಹರಿಪುರ ಕಾಂಗ್ರೆಸ್ಸಿಗಾಗಿ ನಂದಲಾಲ ಬೋಸರು ಬರೆದ ಫಲಕಗಳನ್ನು ನೋಡಬೇಕು. ಕೂತು ದುಡಿಯುವ ಮೈಗಳು ಅಲ್ಲಿ ನಾಲ್ಕೈದು ಗೆರೆಗಳಲ್ಲಿ ಎದ್ದು ಬರುತ್ತವೆ. ಇನ್ನು ಗೆರೆಯೊಂದೇ ಸಾಕೆನ್ನುವವರಿಗೆ ನಮ್ಮ ಕೆ. ಕೆ. ಹೆಬ್ಬಾರರ ‘ದಿ ಸಿಂಗಿಂಗ್ ಲೈನ್’ (1964) ಇದೆ. ಬಣ್ಣದ ಹಂಗಿಲ್ಲದ ಪುಸ್ತಕ. ಕೈಯೆತ್ತದೆ ಬರೆದಂತಿರುವ ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ತೆಳುವಾಗುತ್ತದೆ ಎಂದು ಬೆರಳಿನಿಂದ ಸವರಿ ನೋಡುವುದೇ ಒಂದು ಪಾಠ. ಬೋರ್ಡು ಬರೆದ ಕೈಗೆ ಅಕ್ಷರದ ತಿರುವು ಗೊತ್ತಿರುತ್ತದೆ. ಆ ಕೈಗೆ ಇದು ಬೇಗ ಹತ್ತುತ್ತದೆಂದು ನನ್ನ ನಂಬಿಕೆ.

ಆದರೆ ನಾನು ಅವನಿಗೆ ಮೊದಲು ಹೇಳಿದ ಹೆಸರು ಇವಾವುದೂ ಅಲ್ಲ. ಆಳಂದದಿಂದ ಉತ್ತರಕ್ಕೆ ಬಸ್ಸಿನಲ್ಲಿ ಅರ್ಧ ದಿನವೂ ಹಿಡಿಯದ ಕಲ್ಯಾಣದಲ್ಲಿ ಕುಳಿತು ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅಡುಗೆ, ಆನೆ, ಸಂಗೀತಗಳ ಜತೆಗೆ ಚಿತ್ರಕಲೆಗೂ ಅದರಲ್ಲಿ ಸ್ಥಾನವಿದೆ. ಗೋಡೆಗೆ ಗಾರೆ ನಯಗೊಳಿಸುವ ಬಗೆ, ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟು ಮಾಡುವ ಕ್ರಮ, ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವ ರೀತಿ ಎಲ್ಲವನ್ನೂ ರಾಜನು ಕುಶಲಕರ್ಮಿಯಂತೆ ಹೇಳುತ್ತಾನೆ. ಕನ್ನಡಿಯಲ್ಲಿ ಕಂಡಂತೆ ಬರೆದುದು ವಿದ್ಧಚಿತ್ರ, ಮನಸ್ಸಿನಿಂದ ಬರೆದುದು ಅವಿದ್ಧಚಿತ್ರ ಎಂದು ಬೇರ್ಪಡಿಸುತ್ತಾನೆ. ಕಥೆಗೆ ಚಿತ್ರ ಬರೆಯುವವನು ದಿನವೂ ಒದ್ದಾಡುವುದು ಈ ಎರಡರ ನಡುವೆಯೇ ಅಲ್ಲವೇ? ಗ್ರಂಥ ಸಂಸ್ಕೃತದಲ್ಲಿದೆ, ಬಡೋದೆಯ ಗಾಯಕವಾಡ ಮಾಲೆಯಲ್ಲಿ ಅಚ್ಚಾಗಿದೆ. ಬಲ್ಲವರ ಬಳಿ ಕುಳಿತು ಚಿತ್ರದ ಭಾಗವನ್ನಷ್ಟೇ ಓದಿಸಿಕೊಂಡರೂ ಸಾಕು. ಅದರಲ್ಲಿ ಒಂದು ಚಿತ್ರವೂ ಇಲ್ಲವೆಂದು ತಿಳಿದು ನನ್ನ ವಿದ್ಯಾರ್ಥಿ ಮುಖ ಸಣ್ಣದು ಮಾಡಿಕೊಂಡ.

ಚಿತ್ರವೇ ಬೇಕೆಂದರೆ ಜೇವರ್ಗಿಯಿಂದ ಭೀಮೆಯ ಹರಿವಿನೊಡನೆ ಕೆಳಗೆ ಸಾಗಬೇಕು. ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿತು. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಸ್ತೂಪವೇ ದೊರೆಯಿತು. ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅರಸನ ಉಬ್ಬುಶಿಲ್ಪವೂ ದೊರೆಯಿತು. ಈ ಉತ್ಖನನದ ಬಗೆಗೆ ಕೆ. ಪಿ. ಪೂಣಚ್ಚ ಅವರು ಬರೆದು ಪುರಾತತ್ತ್ವ ಇಲಾಖೆ ಪ್ರಕಟಿಸಿದ ವರದಿಯನ್ನು ನಾನು ಚಿತ್ರಗಾರರ ಪುಸ್ತಕವೆಂದೇ ಎಣಿಸುತ್ತೇನೆ. ಪಂಡಿತರು ಅದನ್ನು ಕಾಲನಿರ್ಣಯಕ್ಕಾಗಿ ಓದಲಿ. ಒಂದು ಚಪ್ಪಡಿಯೊಳಗೆ ರಾಜ, ರಾಣಿ, ಛತ್ರ ಹಿಡಿದವಳು ಎಲ್ಲರನ್ನೂ ಇಕ್ಕಟ್ಟಾಗದಂತೆ ನಿಲ್ಲಿಸಿದ ಆ ಶಿಲ್ಪಿಯ ಉಪಾಯವನ್ನು ಚಿತ್ರಗಾರ ಕದ್ದುಕೊಳ್ಳಲಿ. ಪುಟದ ಅಳತೆಯೂ ಒಂದು ಚಪ್ಪಡಿಯೇ ತಾನೆ! ಪುಸ್ತಕ ನೋಡಿ ಬರೆದ ಮೇಲೆ ಬಸ್ಸು ಹಿಡಿದು ಹೋಗಿ ಕಲ್ಲನ್ನೇ ನೋಡಿ ಬರೆಯುವ ಭಾಗ್ಯ ನಮ್ಮ ಮೂರು ತಾಲೂಕಿನವರಿಗಿದೆ, ಪ್ಯಾರಿಸ್ಸಿನವನಿಗಿಲ್ಲ.

ದಖನೀ ಚಿತ್ರಗಳ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮಾರ್ಕ್ ಜೆಬ್ರೋವ್ಸ್ಕಿಯವರ ‘ಡೆಕನಿ ಪೇಂಟಿಂಗ್’ (1983) ತೆರೆದರೆ ವಿಜಾಪುರದ ಆದಿಲಶಾಹಿ ಚಿತ್ರಗಾರರ ನೇರಳೆ, ಬಂಗಾರದ ಬಣ್ಣಗಳು ಕಣ್ಣು ತುಂಬುತ್ತವೆ. ಅಷ್ಟು ಬಣ್ಣ ಒಮ್ಮೆಗೇ ನೋಡಿದರೆ ಹೊಸಬನ ಕೈ ಕೆಡುತ್ತದೆ. ಆರು ತಿಂಗಳು ಕಪ್ಪು ಶಾಯಿಯಲ್ಲಿ ದುಡಿದ ಮೇಲೆ ತೆರೆಯಲಿ.

ಈಗ ನನ್ನ ಅಪರಾಧ. ಅಜಂತಾ ಗುಹೆಗಳು ನಮ್ಮ ಜಿಲ್ಲೆಯಂತೆಯೇ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಯ ಪುರಾತತ್ತ್ವ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿಯವರು 1930ರಿಂದ 1955ರವರೆಗೆ ನಾಲ್ಕು ಭಾಗಗಳಲ್ಲಿ ಆ ಚಿತ್ರಗಳನ್ನು ಗ್ರಂಥರೂಪಕ್ಕೆ ತಂದರು. ಅದಕ್ಕೂ ಮೊದಲು ಮುಂಬಯಿಯ ಜೆ. ಜೆ. ಶಾಲೆಯ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಡನೆ ವರ್ಷಗಟ್ಟಲೆ ಕುಳಿತು ಮಾಡಿಸಿದ ಪ್ರತಿಗಳಲ್ಲಿ ಹಲವು 1885ರಲ್ಲಿ ಲಂಡನ್ನಿನ ಬೆಂಕಿಗೆ ಆಹುತಿಯಾಗಿದ್ದವು. ಇಂಥ ಪುಸ್ತಕಗಳ ಹಿಂದೆ ಎಷ್ಟು ಕಣ್ಣು, ಎಷ್ಟು ಬೆನ್ನು ಸವೆದಿವೆ ಎಂಬುದು 1973ರಲ್ಲಿ ನನಗೆ ತಿಳಿದಿರಲಿಲ್ಲ. ನಾನು ಕಲಿಯುತ್ತಿದ್ದ ಊರಿನ ಗ್ರಂಥಾಲಯವೊಂದರಲ್ಲಿ ಅಜಂತಾ ಚಿತ್ರಗಳ ಒಂದು ಸಂಪುಟವಿತ್ತು. ಪದ್ಮಪಾಣಿಯ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ ಅಂಗಿಯೊಳಗೆ ಇಟ್ಟುಕೊಂಡು ಬಂದೆ. ಐವತ್ತು ವರ್ಷ ಅದು ನನ್ನ ಕೋಣೆಯ ಗೋಡೆಯ ಮೇಲಿತ್ತು. ಅದನ್ನು ನೂರು ಬಾರಿ ನಕಲು ಮಾಡಿದೆ. ಗುಹೆಯ ಗೋಡೆಯಲ್ಲಿ ಅವನ ಸುತ್ತ ಯಾರಿದ್ದಾರೆ, ಆ ಬಾಗಿದ ಕಣ್ಣು ಯಾವ ಜನಸಂದಣಿಯ ನಡುವಿನದು ಎಂಬುದು ಹಿಂದುಮುಂದಿನ ಹಾಳೆಗಳಲ್ಲಿತ್ತು. ಅವನ್ನು ನಾನು ಅಲ್ಲಿಯೇ ಬಿಟ್ಟು ಬಂದಿದ್ದೆ.

ವಿದ್ಯಾರ್ಥಿಗೆ ಇದನ್ನೂ ಹೇಳಿದೆ. ಹಕ್ಕು ತೀರಿದ ಹಳೆಯ ಸಂಪುಟಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಅವನ್ನು ಮೊಬೈಲಿನಲ್ಲಿ ನೋಡು. ಹಣದಲ್ಲಿ ಅರ್ಧ ಕಾಗದ, ಶಾಯಿಗೆ ಇಡು. ಉಳಿದುದರಲ್ಲಿ ಒಂದೇ ಒಂದು ಪುಸ್ತಕ ಕೊಂಡು ಅದು ಹರಿಯುವವರೆಗೆ ಬಳಸು ಎಂದೆ. ಅವನು ಲೂಮಿಸನನ್ನು ಆರಿಸಿಕೊಂಡ. ನಾನಾಗಿದ್ದರೆ ಹೆಬ್ಬಾರರನ್ನು ಹುಡುಕುತ್ತಿದ್ದೆ.

ಮರುವಾರ ಇಬ್ಬರೂ ಕೂಡಿ ಆ ಗ್ರಂಥಾಲಯಕ್ಕೆ ಹೋದೆವು. ಸಂಪುಟ ಇನ್ನೂ ಅಲ್ಲಿತ್ತು. ನಾನು ಕತ್ತರಿಸಿದ ಅಂಚೂ ಇತ್ತು. ಗ್ರಂಥಪಾಲಕರು ಹೆಚ್ಚು ಮಾತಾಡದೆ ಹಾಳೆಯನ್ನು ಅದರ ಜಾಗಕ್ಕೆ ಹಿಡಿದು ನೋಡಿದರು. ಕಪಾಟಿನ ಕತ್ತಲಲ್ಲಿದ್ದ ಉಳಿದ ಚಿತ್ರಗಳ ಹಸಿರು, ಕಾವಿ ಹಾಗೆಯೇ ಇದ್ದವು. ಕಿಟಕಿಯೆದುರು ತೂಗಿದ್ದ ನನ್ನ ಪದ್ಮಪಾಣಿ ಬಿಸಿಲಿಗೆ ಹಳದಿಯಾಗಿದ್ದ. ನನ್ನ ವಿದ್ಯಾರ್ಥಿ ಆಗಲೇ ಚೀಲದಿಂದ ಪೆನ್ಸಿಲು ತೆಗೆದು, ಪಕ್ಕದ ಹಾಳೆಯಲ್ಲಿದ್ದ ಪರಿಚಾರಿಕೆಯ ಕೈಯನ್ನು ಬರೆಯತೊಡಗಿದ್ದ.