ನಿಮಗಿದು ಗೊತ್ತೇ? ತೂಫಾನ್ ಬರುವ ಮುನ್ನ ಹಾಯಿದೋಣಿ

ಬೀದರ್ ಜಿಲ್ಲೆಯ ನಮ್ಮ ಬಗದಲ್‌ನಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಕಡಲು ಮುನ್ನೂರೈವತ್ತು ಕಿಲೋಮೀಟರಿಗಿಂತ ಆಚೆಯೇ ಸಿಗುವುದು. ಆದರೂ ಐನೂರೈವತ್ತು ವರ್ಷಗಳ ಹಿಂದೆ ಬೀದರಿನ ಬಲ ಹಾಯಿಹಡಗುಗಳನ್ನು ನೆಚ್ಚಿಕೊಂಡಿತ್ತು, ಗೊತ್ತೇ? ಬಹಮನಿ ಸುಲ್ತಾನರ ಸೈನ್ಯಕ್ಕೆ ಬೇಕಾದ ಕುದುರೆಗಳು ಪರ್ಷಿಯಾದ ಹುರ್ಮುಜ್ ಕಡೆಯಿಂದ ಹಡಗೇರಿ, ಕೊಂಕಣದ ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಇಲ್ಲಿಗೆ ಬರುತ್ತಿದ್ದವು. ಕ್ಯಾಸ್ಪಿಯನ್ ಕಡಲ ತೀರದ ಗಿಲಾನಿನವನಾದ, ಮುಂದೆ ಬಹಮನಿಗಳ ಮಂತ್ರಿಯಾದ ಮಹಮೂದ್ ಗವಾನ್ 1453ರ ಸುಮಾರಿಗೆ ಕಾಲಿಟ್ಟದ್ದೂ ದಾಭೋಳದಲ್ಲೇ. ಅವನು ಕಟ್ಟಿಸಿದ ಬೀದರಿನ ಮದರಸಾ ಎದ್ದುನಿಂತ 1472ರಲ್ಲೇ ಅವನು ಗೋವಾ ಬಂದರನ್ನೂ ಗೆದ್ದ. ಮದರಸಾ ನೋಡಲು ಬರುವವರಿಗೆಲ್ಲ ಈ ಎರಡನ್ನೂ ಜೊತೆಯಲ್ಲೇ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ.

ಅದೇ ಕಾಲದಲ್ಲಿ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್‌ಗೆ ಬಿರುಗಾಳಿಯ ಪರಿಚಯ ದಾರಿಯಲ್ಲೇ ಆಗಿತ್ತು. ಕ್ಯಾಸ್ಪಿಯನ್ ಸಮುದ್ರದಲ್ಲಿ ಅವನ ತಂಡದ ಚಿಕ್ಕ ಹಡಗು ಗಾಳಿಗೆ ಸಿಕ್ಕಿ ದಡಕ್ಕೆ ಬಡಿದು ಒಡೆಯಿತು. ಮುಂದೆ ಹುರ್ಮುಜ್‌ನಿಂದ ಕುದುರೆ ಸಮೇತ ಹಾಯಿಹಡಗು ಹತ್ತಿ ಚೌಲ್‌ಗೆ ಬಂದ. ಹಿಂತಿರುಗುವಾಗ ದಾಭೋಳದಿಂದ ಹುರ್ಮುಜ್‌ಗೆ ಹೊರಟವನು ಒಂದು ತಿಂಗಳು ನೀರಿನ ಮೇಲೆ ಅಲೆದು ಕಂಡದ್ದು ಇಥಿಯೋಪಿಯದ ಬೆಟ್ಟಗಳನ್ನು!

ಮುಂಗಾರಿನಲ್ಲಿ ಈ ಹಡಗುಗಳು ಏನು ಮಾಡುತ್ತಿದ್ದವು? ಏನೂ ಇಲ್ಲ. ಪಶ್ಚಿಮ ಕರಾವಳಿಯ ಬಂದರುಗಳು ಜೂನ್‌ನಿಂದ ಆಗಸ್ಟ್‌ವರೆಗೆ ಹೆಚ್ಚುಕಡಿಮೆ ಮುಚ್ಚಿರುತ್ತಿದ್ದವು. ಹಾಯಿ, ಹಗ್ಗ ಬಿಚ್ಚಿ, ದೋಣಿಯನ್ನು ಮರಳ ಮೇಲೆ ಎಳೆದು, ತೆಂಗಿನ ಗರಿಯ ಮಾಡು ಹೊದಿಸಿ, ಒಡಲಿಗೆ ಮೀನೆಣ್ಣೆ ಬಳಿದು ಕಾಯುತ್ತಿದ್ದರು. ಇಂದಿಗೂ ಕರ್ನಾಟಕದ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ಬಂದ್. ಈ ನಿಷೇಧ ಮೀನಿನ ಸಂತಾನಕ್ಕಾಗಿ ಇರುವುದಾದರೂ ಅತಿ ಒರಟು ಕಡಲಿನ ಹೊತ್ತಿನಲ್ಲಿ ಮೀನುಗಾರರನ್ನೂ ದಡದಲ್ಲಿ ಉಳಿಸುತ್ತದೆ.

ಆದರೆ ಅರಬ್ಬಿ ಸಮುದ್ರದ ಚಂಡಮಾರುತಗಳು ನಡುಮುಂಗಾರಿನಲ್ಲಿ ಬರುವುದು ತೀರ ಅಪರೂಪ. ಅವುಗಳ ಕಾಲ ಮೇ-ಜೂನ್, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಮುಂಗಾರಿನಲ್ಲಿ ಕೆಳಗಿನ ಗಾಳಿ ಒಂದು ದಿಕ್ಕಿಗೆ, ಮೇಲಿನ ಗಾಳಿ ಇನ್ನೊಂದು ದಿಕ್ಕಿಗೆ ಜೋರಾಗಿ ಬೀಸುವುದರಿಂದ ಸುಳಿ ನೆಟ್ಟಗೆ ಕಟ್ಟಿಕೊಳ್ಳಲು ಆಗುವುದಿಲ್ಲ. ಹಾಗಾಗಿ ತೂಫಾನ್ ಬರುವುದು ಹೆಚ್ಚಾಗಿ ದೋಣಿಗಳು ನೀರಿನಲ್ಲಿರುವ ತಿಂಗಳುಗಳಲ್ಲೇ.

ಮೊಳೆಯೇ ಇಲ್ಲದ ಹಡಗು ಕಡಲಿಗೆ ಇಳಿದೀತೇ? ಹಿಂದೂ ಮಹಾಸಾಗರದಲ್ಲಿ ಶತಮಾನಗಳ ಕಾಲ ಇಳಿದಿದೆ. ಹಲಗೆಗೆ ಹಲಗೆ ಸೇರಿಸಿ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಅಲೆ ಬಡಿದಾಗ ಅಂಥ ಒಡಲು ಸ್ವಲ್ಪ ಬಾಗುತ್ತದೆ. ಆ ಪದ್ಧತಿಯಲ್ಲೇ ಹೊಸದಾಗಿ ಹೊಲಿದ ನೌಕಾಪಡೆಯ ಹಾಯಿಹಡಗು 'ಕೌಂಡಿನ್ಯ' 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಸೇರ್ಪಡೆಯಾಯಿತು. ಅದಕ್ಕೆ ಮಾದರಿ ಅಜಂತಾದ ಗುಹೆಯಲ್ಲಿರುವ ಐದನೇ ಶತಮಾನದ ಹಡಗಿನ ಚಿತ್ರ.

ಗಾಳಿಯ ಜೋರನ್ನು ಅಳೆಯಲು ಮೊದಲು ಹಾಯಿಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ, ಯಾವ ಗಾಳಿಗೆ ಯುದ್ಧನೌಕೆ ಎಷ್ಟು ಹಾಯಿ ಬಿಚ್ಚಬಹುದು ಎಂಬುದರ ಮೇಲೆ ಅಂಕ ಕೊಟ್ಟ. ಹನ್ನೆರಡು ಎಂದರೆ ಯಾವ ಹಾಯಿಬಟ್ಟೆಯೂ ತಾಳದು. ಇಂದಿನ ಲೆಕ್ಕದಲ್ಲಿ ಅದು ಗಂಟೆಗೆ ಸುಮಾರು 118 ಕಿ.ಮೀ. ನಮ್ಮ ಹವಾಮಾನ ಇಲಾಖೆ 62 ಕಿ.ಮೀ. ದಾಟಿದರೆ ಚಂಡಮಾರುತ ಎನ್ನುತ್ತದೆ, 118 ಮುಟ್ಟಿದರೆ ಅತಿ ತೀವ್ರ ಚಂಡಮಾರುತ.

62 ಮತ್ತು 124ರ ನಡುವಿನ ವ್ಯತ್ಯಾಸ ಎರಡು ಪಟ್ಟು ಎಂದುಕೊಂಡಿರಾ? ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಹಾಗಾಗಿಯೇ ತೂಫಾನಿಗೆ ಹಾಯಿದೋಣಿಯನ್ನು ಅಣಿಗೊಳಿಸುವುದು ಎಂದರೆ ಮುಖ್ಯವಾಗಿ ಬಿಚ್ಚುವ ಕೆಲಸ. ಹಾಯಿಯನ್ನು ಸುತ್ತಿ ಕಟ್ಟಿದರೆ ಸಾಲದೇ? ಸಾಲದು. ಗಾಳಿಯ ಬೆರಳು ಒಂದು ಮಡಿಕೆಯೊಳಗೆ ತೂರಿದರೆ ಸಾಕು, ಸುರುಳಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಹಾಯಿ ಹಾಯಿಕಂಬವನ್ನು ಅಲ್ಲಾಡಿಸಿ, ಲಂಗರನ್ನು ಕಿತ್ತು, ದೋಣಿಯನ್ನು ಎಳೆದೊಯ್ಯುತ್ತದೆ. ಆದ್ದರಿಂದ ಹಾಯಿ ಪೂರ್ತಿ ಕೆಳಗಿಳಿದು ಒಳಗೆ ಹೋಗಬೇಕು. ಅದರ ಹಿಂದೆಯೇ ನೆರಳಿನ ಬಟ್ಟೆ, ಸೌರಫಲಕ, ಕೊಡೆ, ಕುರ್ಚಿ, ಸಡಿಲವಾದದ್ದೆಲ್ಲ ಹೋಗಬೇಕು. ಹಾಯಿ ಏರಿಸುವ ದಪ್ಪ ಹಗ್ಗಗಳನ್ನೂ ಅನುಭವಿಗಳು ಬಿಡುವುದಿಲ್ಲ. ಅವುಗಳ ಜಾಗದಲ್ಲಿ ತೆಳು ದಾರ ಏರಿಸಿಡುತ್ತಾರೆ, ಆಮೇಲೆ ಅದೇ ದಾರಕ್ಕೆ ಕಟ್ಟಿ ಹಗ್ಗವನ್ನು ಮತ್ತೆ ಮೇಲೆಳೆಯಬಹುದು. ಸಮಯವೂ ಕ್ರೇನೂ ಇದ್ದರೆ ಕಂಬವನ್ನೇ ಇಳಿಸಿಬಿಡುವುದು ಇನ್ನೂ ಒಳ್ಳೆಯದು.

ಬಿರುಗಾಳಿಯಲ್ಲಿ ದೋಣಿಯ ಹಗ್ಗ ಎಳೆತಕ್ಕಿಂತ ಉಜ್ಜಾಟಕ್ಕೆ ಬೇಗ ಹರಿಯುತ್ತದೆ. ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಸವೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ವರ್ಷಗಳಲ್ಲಿ ಆಗುವುದು ಇಲ್ಲಿ ಒಂದು ರಾತ್ರಿಯಲ್ಲಿ ಆಗಿಹೋಗುತ್ತದೆ. ಹಗ್ಗ ದೋಣಿಯ ಅಂಚಿಗೆ ತಾಗುವಲ್ಲೆಲ್ಲ ಕ್ಯಾನ್ವಾಸ್ ಇಲ್ಲವೇ ಅಗ್ನಿಶಾಮಕದವರ ಹಳೆಯ ಬಟ್ಟೆಕೊಳವೆ ಸುತ್ತುತ್ತಾರೆ. ಸುತ್ತಿದ್ದು ನೀರು ಒಳಸೇರುವಂಥದ್ದಾಗಿರಬೇಕು. ನೈಲಾನ್ ಹಗ್ಗ ಹಿಗ್ಗಿ ಕುಗ್ಗುವಾಗ ಒಳಗಿನ ಎಳೆಗಳು ಒಂದಕ್ಕೊಂದು ತಿಕ್ಕಿ ಕಾಯುತ್ತವೆ, ನೀರು ತಾಗದಿದ್ದರೆ ಒಳಗೊಳಗೇ ಕರಗಿ ಹೊರಗೆ ಚೆನ್ನಾಗಿ ಕಂಡ ಹಗ್ಗವೂ ತುಂಡಾಗುತ್ತದೆ.

ಲಂಗರು ಎಷ್ಟು ತೂಕದ್ದು ಎಂಬುದಕ್ಕಿಂತ ಹಗ್ಗ ಎಷ್ಟು ಉದ್ದದ್ದು ಎಂಬುದು ಎಷ್ಟೋ ಸಲ ಹೆಚ್ಚು ಮುಖ್ಯ, ಗೊತ್ತೇ? ಹಗ್ಗ ಚಿಕ್ಕದಾದರೆ ಎಳೆತ ಮೇಲ್ಮುಖವಾಗಿ ಲಂಗರನ್ನು ಕೀಳುತ್ತದೆ. ಉದ್ದವಾದರೆ ಎಳೆತ ಅಡ್ಡಡ್ಡ ಬಿದ್ದು ಲಂಗರು ಇನ್ನಷ್ಟು ಹೂತುಕೊಳ್ಳುತ್ತದೆ. ಸಾಮಾನ್ಯ ದಿನಗಳಲ್ಲಿ ಆಳದ ಐದರಿಂದ ಏಳು ಪಟ್ಟು, ತೂಫಾನಿಗೆ ಹತ್ತು ಪಟ್ಟು. ನೀರು ಐದು ಮೀಟರ್, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲೆ ಎಂದರೆ ಅರವತ್ತು ಮೀಟರ್ ಹಗ್ಗ ಬೇಕು. ಕಡಲು ಎರಡು ಮೀಟರ್ ಉಬ್ಬುವ ಸೂಚನೆ ಇದ್ದರೆ? ಎಂಬತ್ತು. ಈ ಉಬ್ಬರದ ಲೆಕ್ಕ ಮರೆತು, ದಕ್ಕೆಗೆ ಬಿಗಿಯಾಗಿ ಕಟ್ಟಿದ ದೋಣಿ ನೀರು ಏರಿದಾಗ ಕಟ್ಟಿಗೆ ಸಿಕ್ಕಿ ಮೇಲೇಳಲಾಗದೆ ಮುಳುಗುತ್ತದೆ.

ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಉಳಿದ ಏರಿಕೆ ಬಹುಪಾಲು ಗಾಳಿ ದಡಕ್ಕೆ ನೂಕಿ ತಂದ ನೀರು.

ಗಾಳಿ ನಿಂತಿತು ಎಂದು ಬಾಗಿಲು ತೆರೆದು ಹೊರಬರಬಾರದು! ಸುಳಿಯ ಕಣ್ಣು ನೆತ್ತಿಯ ಮೇಲೆ ಬಂದಾಗ ಸ್ವಲ್ಪ ಹೊತ್ತು ಎಲ್ಲ ಶಾಂತ. ಕಣ್ಣು ದಾಟಿದ ಮೇಲೆ ಅದೇ ಗಾಳಿ ಎದುರು ದಿಕ್ಕಿನಿಂದ ಬಂದು ಅಪ್ಪಳಿಸುತ್ತದೆ. ಒಂದೇ ಕಡೆಗೆ ಬಿಗಿದ ದೋಣಿ ಉಳಿಯುವುದಿಲ್ಲ, ಎಲ್ಲ ದಿಕ್ಕಿಗೂ ಹಗ್ಗ ಹರಡಿ ಕಟ್ಟಬೇಕು.

ಇನ್ನೊಂದು: ಭೂಮಧ್ಯರೇಖೆಯ ಉತ್ತರಕ್ಕಿರುವ ನಮಗೆ ಸುಳಿ ಸಾಗುವ ದಿಕ್ಕಿನ ಬಲಮಗ್ಗುಲು ಹೆಚ್ಚು ಅಪಾಯಕಾರಿ. ಅಲ್ಲಿ ಸುತ್ತುವ ಗಾಳಿಗೆ ಸುಳಿಯ ಓಟವೂ ಸೇರಿಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಗೆ ಸಮನಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಅದರ ಬಲಕ್ಕಿದ್ದದ್ದು ನಮ್ಮ ಕರಾವಳಿ. ಸುಳಿ ನಮ್ಮ ನೆಲ ಮುಟ್ಟದೇ ಹೋದರೂ ಗಾಳಿ, ಅಲೆ ಎರಡೂ ಕಡಲಿನಿಂದ ದಡಕ್ಕೆ ನುಗ್ಗಿದ್ದು, ಉಳ್ಳಾಲ, ಸೋಮೇಶ್ವರದ ಕಡೆ ಕೊರೆತ ಅಷ್ಟು ಜೋರಾದದ್ದು ಇದೇ ಕಾರಣಕ್ಕೆ.

ಬೆನ್ನಿಗೆ ಗಾಳಿ ಕೊಟ್ಟು ನಿಲ್ಲಿ. ವಾಯುಭಾರ ಕುಸಿತದ ನಡು ನಿಮ್ಮ ಎಡಗೈ ಕಡೆ ಇದೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ಈ ನಿಯಮಕ್ಕೆ ಯಂತ್ರವೂ ಬೇಡ, ಸಿಗ್ನಲ್ಲೂ ಬೇಡ.

ಅದಕ್ಕೂ ಮೊದಲು, 1848ರಲ್ಲಿ, ಕಲ್ಕತ್ತದ ಹೆನ್ರಿ ಪಿಡಿಂಗ್ಟನ್ ನಾವಿಕರಿಗಾಗಿ ಬಿರುಗಾಳಿಯ ಕೈಪಿಡಿ ಬರೆದಾಗ ಪುಸ್ತಕದ ಜೊತೆ ಕೊಂಬಿನಿಂದ ಮಾಡಿದ ಪಾರದರ್ಶಕ ಹಾಳೆಗಳನ್ನು ಇಟ್ಟಿದ್ದ. ಗಾಳಿಯ ಸುತ್ತು ಬರೆದಿದ್ದ ಆ ಹಾಳೆಯನ್ನು ನಕ್ಷೆಯ ಮೇಲಿಟ್ಟರೆ ಸುಳಿ ಎಲ್ಲಿದೆ, ಹಡಗು ಯಾವ ಕಡೆ ಓಡಬೇಕು ಎಂಬುದು ಕಣ್ಣಿಗೇ ಕಾಣುತ್ತಿತ್ತು.

ನಮ್ಮ ಉಷ್ಣವಲಯದಲ್ಲಿ ವಾಯುಭಾರ ಗಡಿಯಾರ ನೋಡಿಕೊಂಡಂತೆ ಏರಿಳಿಯುತ್ತದೆ: ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ಈ ಲಯ ತಪ್ಪಿ, ಆ ಹೊತ್ತಿನ ವಾಡಿಕೆಗಿಂತ ಮೂರು ಹೆಕ್ಟೊಪಾಸ್ಕಲ್ ಇಳಿದರೆ ನಾವಿಕರು ಅನುಮಾನ ಪಡುತ್ತಾರೆ. ಐದು ಇಳಿದರೆ ಅನುಮಾನವೂ ಉಳಿಯುವುದಿಲ್ಲ.

ಬಂದರಿನ ಕಂಬಕ್ಕೆ ಏರಿಸುವ ಎಚ್ಚರಿಕೆಯ ಗುರುತುಗಳು ಎಷ್ಟು? ಹನ್ನೊಂದು. ಹಗಲಲ್ಲಿ ಶಂಕು, ಉರುಳೆಗಳು, ರಾತ್ರಿ ದೀಪಗಳು. ಒಂದು, ಎರಡು ಎಂದರೆ ಗಾಳಿ ದೂರದಲ್ಲಿದೆ. ಮೂರು, ನಾಲ್ಕಕ್ಕೆ ಬಂದರಿಗೇ ಎಚ್ಚರಿಕೆ. ಐದರಿಂದ ಏಳು ಅಪಾಯ, ಎಂಟರಿಂದ ಹತ್ತು ಮಹಾ ಅಪಾಯ. ಹನ್ನೊಂದು ಎಂದರೆ ಹವಾಮಾನ ಕಚೇರಿಯ ಸಂಪರ್ಕವೇ ಕಡಿದುಹೋಗಿದೆ.

ಹವಾಮಾನ ಇಲಾಖೆಯ ಮುನ್ಸೂಚನೆಗೂ ಮೆಟ್ಟಿಲುಗಳಿವೆ: 72 ಗಂಟೆ ಮೊದಲು ಕಣ್ಗಾವಲು, 48 ಗಂಟೆ ಮೊದಲು ಜಾಗೃತಿ, 24 ಗಂಟೆ ಮೊದಲು ಎಚ್ಚರಿಕೆ. ಹಾಯಿದೋಣಿಯವನ ನಿಜವಾದ ಕೆಲಸ ಮೊದಲ ಮೆಟ್ಟಿಲಲ್ಲೇ ಮುಗಿಯಬೇಕು. ಗಂಟೆಗೆ ನಲವತ್ತು-ಐವತ್ತು ಕಿ.ಮೀ. ಗಾಳಿ ಬೀಸತೊಡಗಿದ ಮೇಲೆ ಹಾಯಿ ಇಳಿಸುವುದು ಇರಲಿ, ಹಿಡಿದು ಮಡಿಸುವುದೂ ಕಷ್ಟ. ಕೊನೆಯ ದಿನಕ್ಕೆ ಕ್ರೇನಿಗೆ ಎಲ್ಲರೂ ಸರದಿ ನಿಂತಿರುತ್ತಾರೆ.

ಬಚ್ಚಿಟ್ಟುಕೊಳ್ಳಲು ಒಳ್ಳೆಯ ಜಾಗ ಯಾವುದು? ಕೆರಿಬಿಯನ್ ದ್ವೀಪಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುತೊರೆಗಳಿಗೆ ದೋಣಿ ನುಗ್ಗಿಸಿ, ಸುತ್ತಲಿನ ಬೇರುಗಳಿಗೆಲ್ಲ ಹಗ್ಗ ಕಟ್ಟುತ್ತಾರೆ. ಕಾಂಡ್ಲಾ ಅಲೆಯನ್ನು ಮುರಿಯುತ್ತದೆ, ತಾಗಿದರೂ ಒಡಲು ಒಡೆಯದು. ನಮ್ಮಲ್ಲಿ ಕಾರವಾರಕ್ಕೆ ಗುಡ್ಡ, ದ್ವೀಪಗಳ ಮರೆ ಇದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಎದ್ದಾಗ ಹೊರರಾಜ್ಯಗಳ ಮೀನುಗಾರಿಕಾ ದೋಣಿಗಳೂ ಅಲ್ಲಿಗೇ ಓಡಿಬಂದವು.

ಆದರೆ ಹೆಸರಾಂತ ಆಸರೆಯೂ ಕೈಕೊಡುತ್ತದೆ. ಪೋರ್ಟೊರಿಕೊ ಬಳಿಯ ಕುಲೆಬ್ರಾ ದ್ವೀಪದ ಕೊಲ್ಲಿ ಬಿರುಗಾಳಿಗೆ ಭದ್ರ ಎಂದು ನಂಬಿ ಸೇರಿದ್ದ ಹಾಯಿದೋಣಿಗಳಲ್ಲಿ ಬಹುಪಾಲು 1989ರ ಹ್ಯೂಗೊ ಚಂಡಮಾರುತದಲ್ಲಿ ನಾಶವಾದವು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಬಡಿದಾಗ ಬ್ರಿಟಿಷ್ ವರ್ಜಿನ್ ದ್ವೀಪಗಳ ಪ್ಯಾರಾಕೀಟಾ ಕೊಲ್ಲಿಯಲ್ಲೂ ಅದೇ ಗತಿ. ದೋಣಿಗಳು ಒತ್ತೊತ್ತಾಗಿ ನಿಂತಲ್ಲಿ ಒಂದರ ಹಗ್ಗ ಹರಿದರೆ ಅದು ಹತ್ತನ್ನು ಬಡಿದು ಕೆಡವುತ್ತದೆ. ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲಿ ದೋಣಿಗಳ ನಡುವೆ ತೂಗಿಬಿಡುವ ಹಳೆಯ ಟೈರುಗಳ ಬೆಲೆ ಆಗ ತಿಳಿಯುತ್ತದೆ. ನಿಮ್ಮ ಗಂಟು ನೋಡಿಕೊಂಡ ಮೇಲೆ ಪಕ್ಕದವರ ಗಂಟನ್ನೂ ನೋಡಿ.

ಬಗದಲ್‌ಗೂ ತೂಫಾನಿಗೂ ಏನು ಸಂಬಂಧ ಎನ್ನುವವರಿಗೆ ಎರಡು ಸಂಗತಿ. 2020ರ ಅಕ್ಟೋಬರ್ 13ರಂದು ಕಾಕಿನಾಡ ಬಳಿ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ಕಲ್ಯಾಣ ಕರ್ನಾಟಕದ ಮೇಲೆಯೇ ಹಾದು ಅರಬ್ಬಿ ಸಮುದ್ರ ಸೇರಿತು. ಮರುವರ್ಷ ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣಂ ಬಳಿ ನೆಲ ಮುಟ್ಟಿದ ಗುಲಾಬ್ ಚಂಡಮಾರುತ, ತೆಲಂಗಾಣ, ಮರಾಠವಾಡಗಳಲ್ಲಿ ಸೋಯಾ ಕೊಯ್ಲಿನ ಹೊತ್ತಿಗೇ ಮಳೆ ಸುರಿಸಿ ಮಾಂಜ್ರಾ ನದಿಯನ್ನು ಉಕ್ಕಿಸಿತು. ಅಷ್ಟಕ್ಕೇ ಮುಗಿಯಲಿಲ್ಲ. ಅರಬ್ಬಿ ಸಮುದ್ರಕ್ಕೆ ಇಳಿದು ಮತ್ತೆ ಬಲಗೊಂಡು, ಶಾಹೀನ್ ಎಂಬ ಹೊಸ ಹೆಸರಿನಲ್ಲಿ ಅಕ್ಟೋಬರ್ 3ರಂದು ಒಮಾನಿಗೆ ಬಡಿಯಿತು.

ದೋಣಿಯನ್ನು ಎಷ್ಟೇ ಬಿಗಿದಿರಲಿ, ಅದರೊಳಗೆ ಮನುಷ್ಯ ಉಳಿಯಕೂಡದು. ಬ್ಯಾಟರಿ ತುಂಬಿಸಿ, ತಳದ ನೀರೆತ್ತುವ ಪಂಪು ಪರೀಕ್ಷಿಸಿ, ಕಾಗದಪತ್ರ ಎತ್ತಿಕೊಂಡು ದಡಕ್ಕೆ ಬರಬೇಕು. ಕಬ್ಬಿಣದ ದೊಡ್ಡ ನೌಕೆಗಳಿಗೇ ತಾಳಲಾಗದ ಹೊತ್ತು ಅದು. ತೌಕ್ತೆಯ ಸಮಯದಲ್ಲಿ ಮೂಲ್ಕಿ ಕಡೆಯ ಬಂಡೆಗಳ ಬಳಿ ಸಿಕ್ಕಿಕೊಂಡ ಟಗ್ (ಹಡಗುಗಳನ್ನು ಎಳೆಯುವ ನೌಕೆ) ಒಂದರಿಂದ ಒಂಬತ್ತು ಜನರನ್ನು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯ ಹೆಲಿಕಾಪ್ಟರ್ ಸೇರಿ ಮೇ 17ರಂದು ಪಾರುಮಾಡಿದವು. ಮತ್ತೊಂದು ಟಗ್ ಮಗುಚಿ ಜೀವಗಳು ಹೋದವು.

ದಡವೇ ಇಲ್ಲದ ನಡುಗಡಲಲ್ಲಿ? 2018ರ ಸೆಪ್ಟೆಂಬರ್ 21ರಂದು ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ, ಗೋವಾದಲ್ಲಿ ಕಟ್ಟಿದ 'ತುರಿಯಾ' ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಜಗತ್ತು ಸುತ್ತುವ ಸ್ಪರ್ಧೆಯಲ್ಲಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕರು. ಹಾಯಿಕಂಬ ಮುರಿಯಿತು, ಬೆನ್ನುಮೂಳೆಗೆ ಪೆಟ್ಟುಬಿತ್ತು, ಏಳಲಾಗದೆ ಒಳಗೆ ಮಲಗಿದ್ದರು. ಮೂರು ದಿನಗಳ ಬಳಿಕ ಫ್ರಾನ್ಸಿನ ಮೀನುಗಾರಿಕಾ ಗಸ್ತು ನೌಕೆ 'ಓಸಿರಿಸ್' ಅವರನ್ನು ಎತ್ತಿಕೊಂಡಿತು. 2023ರಲ್ಲಿ ಅದೇ ಸ್ಪರ್ಧೆಯನ್ನು ಅವರು ಎರಡನೆಯವರಾಗಿ ಮುಗಿಸಿದರು.

2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಥಟ್ಟನೆ ಬಲಗೊಂಡಾಗ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಅನೇಕರು ಮೊಬೈಲ್ ಸಿಗ್ನಲ್ ಮುಟ್ಟದ ಆಳಕಡಲಿನಲ್ಲಿದ್ದರು. ಎಚ್ಚರಿಕೆ ಹೊರಟರೂ ಅವರನ್ನು ತಲುಪುವ ದಾರಿ ಇರಲಿಲ್ಲ. ಈ ಕೊರತೆ ತುಂಬಲು 2019ರ ಅಕ್ಟೋಬರಿನಲ್ಲಿ ಬಂದದ್ದು 'ಜೆಮಿನಿ' ಎಂಬ ಚಿಕ್ಕ ಸಾಧನ. ಉಪಗ್ರಹದಿಂದ ಬಂದ ಎಚ್ಚರಿಕೆಯನ್ನು ಅದು ಮೀನುಗಾರನ ಫೋನಿಗೆ ದಾಟಿಸುತ್ತದೆ. ಕಡಲಿನ ಆ ಮುನ್ಸೂಚನೆಗಳನ್ನು ಸಿದ್ಧಪಡಿಸುವ ಸಂಸ್ಥೆ 'ಇನ್‌ಕಾಯಿಸ್' ಇರುವುದು ಯಾವ ಕರಾವಳಿಯಲ್ಲೂ ಅಲ್ಲ, ಬೀದರಿನಿಂದ ನೂರೈವತ್ತು ಕಿಲೋಮೀಟರಿನೊಳಗಿನ ಹೈದರಾಬಾದಿನಲ್ಲಿ. ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ಹುಡುಗ ಹುಡುಗಿಯರು ಅಲ್ಲಿಗೆ ಒಮ್ಮೆ ಹೋಗಿ ನೋಡಿಬರಲಿ ಎಂಬುದು ನನ್ನ ಆಸೆ.

ಜೆಮಿನಿ ಎಚ್ಚರಿಕೆಯನ್ನು ತಲುಪಿಸಬಲ್ಲದು, ದೋಣಿಯ ಕೂಗನ್ನು ದಡಕ್ಕೆ ಒಯ್ಯಲಾರದು. ಆ ಕೆಲಸಕ್ಕೆ ಇಸ್ರೋ ರೂಪಿಸಿದ ಬೇರೆಯೇ ಸಾಧನವಿದೆ. ಅದರ ಗುಂಡಿ ಒತ್ತಿದರೆ ದೋಣಿ ಇರುವ ಜಾಗದ ಸಮೇತ ಸಂಕಟದ ಸುದ್ದಿ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಹೋಗುತ್ತದೆ. ಅದರ ಹೊಸ ಮಾದರಿಯಲ್ಲಿ, ಸುದ್ದಿ ಮುಟ್ಟಿದೆ ಎಂಬ ಉತ್ತರವೂ ದೋಣಿಗೆ ಮರಳಿ ಬರುತ್ತದೆ.