ಅಲಸಂಡೆ ಬೇರಿನ ಗಂಟು: ಉಪ್ಪು ಮಣ್ಣು, ಹುಳಿ ಮಣ್ಣು ಮತ್ತು ಉಪಕಾರಿ ಜೀವಾಣು



ಅಲಸಂಡೆ ಗಿಡವನ್ನು ಮೆಲ್ಲಗೆ ಕಿತ್ತು ನೋಡಿದರೆ ಬೇರಿನಲ್ಲಿ ಸಾಸಿವೆ, ಕೊತ್ತಂಬರಿ ಕಾಳಿನಷ್ಟು ದೊಡ್ಡ ಗಂಟುಗಳು ಕಾಣುತ್ತವೆ. ಇದು ರೋಗವೆಂದು ಕೆಲವರು ಹೆದರುವುದುಂಟು. ಬೆರಳಿನಿಂದ ತಿಕ್ಕಿದರೆ ಸುಲಭವಾಗಿ ಕಳಚಿ ಬರುವ ಗಂಟು ರೋಗವಲ್ಲ. ಅದು ಗಿಡದ ಗೊಬ್ಬರದ ಕಣಜ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಗಿಡ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಗಂಟಿನೊಳಗೆ ವಾಸಿಸುವ ರೈಜೋಬಿಯಂ ಎಂಬ ಜೀವಾಣು ಅದನ್ನು ಗಿಡಕ್ಕೆ ಒಗ್ಗುವಂತೆ ಮಾಡಿ ಕೊಡುತ್ತದೆ. ಬದಲಿಗೆ ಗಿಡ ಅದಕ್ಕೆ ಸಕ್ಕರೆ ಅಂಶ ಕೊಡುತ್ತದೆ. 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ಈ ಜೀವಾಣುವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದರು. ಅಲಸಂಡೆ, ಉದ್ದು, ಹೆಸರು ಬೆಳೆಯುವ ನಮಗೆ ಇದು ಯೂರಿಯಾ ಖರ್ಚು ಉಳಿಸುವ ದಾರಿ.

ಉಪ್ಪು ಮಣ್ಣಿನಲ್ಲಿ ಏನಾಗುತ್ತದೆ?

ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು 1953ರಿಂದ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು ಕಡೆಯ ತಗ್ಗು ಹೊಲಗಳಲ್ಲಿ ನೀರು ನಿಂತು, ಅಡಿಯ ಉಪ್ಪು ಮೇಲೆ ಬಂತು. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟರೆ ಮಿಡಿ ನೀರು ಬಿಟ್ಟು ಮುದುಡುತ್ತದಲ್ಲ? ಉಪ್ಪು ಮಣ್ಣಿನಲ್ಲಿ ಬೇರಿನ ಪಾಡೂ ಹಾಗೆಯೇ. ಮಣ್ಣಿನಲ್ಲಿ ತೇವ ಇದ್ದರೂ ಬೇರಿಗೆ ನೀರು ಸಿಗುವುದಿಲ್ಲ. ದ್ವಿದಳ ಧಾನ್ಯಗಳು ಇದನ್ನು ತಡೆಯುವುದು ಕಡಿಮೆ. ಗಂಟುಗಳೂ ಸರಿಯಾಗಿ ಕಟ್ಟುವುದಿಲ್ಲ.

ಉಪ್ಪು ತಾಳುವ ಕೆಲವು ಜೀವಾಣುಗಳು ಇಲ್ಲಿ ಸಹಾಯಕ್ಕೆ ಬರುತ್ತವೆ. ಕೆಲವು ಬೇರಿನ ಸುತ್ತ ಲೋಳೆಯಂತಹ ಪದರ ಕಟ್ಟಿ ಉಪ್ಪನ್ನು ಹಿಡಿದಿಡುತ್ತವೆ. ಇನ್ನು ಕೆಲವು ಎಥಿಲೀನ್ ಅನಿಲವನ್ನು ತಗ್ಗಿಸುತ್ತವೆ. ಬಾಳೆಗೊನೆ ಹಣ್ಣಾಗುವುದು ಇದೇ ಅನಿಲದಿಂದ. ಗಿಡ ಕಷ್ಟದಲ್ಲಿರುವಾಗ ಇದು ಹೆಚ್ಚಾಗಿ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಆದರೆ ಜೀವಾಣು ಮಣ್ಣಿನ ಉಪ್ಪನ್ನು ತೆಗೆದುಹಾಕುವುದಿಲ್ಲ. ಬಸಿಗಾಲುವೆ ಮಾಡಿ ಉಪ್ಪನ್ನು ತೊಳೆಯಲೇಬೇಕು.

ನಮ್ಮ ಮಣ್ಣಿನ ತೊಂದರೆ ಬೇರೆ

ಕೊಲ್ಲಮೊಗ್ರಿನಂತಹ ಘಟ್ಟದ ಬುಡದ ಊರಿನಲ್ಲಿ ಮಳೆ ವರ್ಷಕ್ಕೆ 3,500 ಮಿ.ಮೀ. ದಾಟುತ್ತದೆ. ಇಷ್ಟು ಮಳೆಗೆ ಉಪ್ಪು ನಿಲ್ಲುವುದಿಲ್ಲ. ಸುಣ್ಣದ ಅಂಶವೂ ತೊಳೆದು ಹೋಗುತ್ತದೆ. ಹಾಗಾಗಿ ನಮ್ಮದು ಹುಳಿ ಮಣ್ಣು. ರಸಸಾರ 5.5ಕ್ಕಿಂತ ಕೆಳಗಿಳಿದರೆ ಗಂಟು ಕಟ್ಟುವುದು ಕಡಿಮೆಯಾಗುತ್ತದೆ. ಆದ್ದರಿಂದ "ಉಪ್ಪು ತಡೆಯುವ ಜೀವಾಣು" ಎಂದು ಯಾರಾದರೂ ಹೆಚ್ಚು ಬೆಲೆಗೆ ಪ್ಯಾಕೆಟ್ ತಂದರೆ ಸಂಘದ ಉಳಿತಾಯದ ಹಣ ಕೊಡಬೇಡಿ. ನಮಗೆ ಬೇಕಾದದ್ದು ಸಾಮಾನ್ಯ ರೈಜೋಬಿಯಂ ಮತ್ತು ಸುಣ್ಣ.

ಮಾಡುವ ಕ್ರಮ

1. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಗದ್ದೆಯ ಎಂಟು-ಹತ್ತು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಕಳುಹಿಸಿ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.
2. ವರದಿಯಲ್ಲಿ ಹೇಳಿದಷ್ಟು ಸುಣ್ಣವನ್ನು ಬಿತ್ತನೆಗೆ ಎರಡು ವಾರ ಮೊದಲೇ ಮಣ್ಣಿಗೆ ಸೇರಿಸಿ. ಹಟ್ಟಿ ಗೊಬ್ಬರವೂ ಇರಲಿ.
3. ಪ್ಯಾಕೆಟ್ ಮೇಲೆ ಬೆಳೆಯ ಹೆಸರು, ಕೊನೆಯ ದಿನಾಂಕ ನೋಡಿ ತೆಗೆದುಕೊಳ್ಳಿ. ಕಡಲೆಯ ಜೀವಾಣು ಅಲಸಂಡೆಗೆ ಆಗುವುದಿಲ್ಲ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ.
4. ಒಂದು ಕಿಲೋ ಬೀಜಕ್ಕೆ 20ರಿಂದ 25 ಗ್ರಾಂ ಸಾಕು. ಉಪ್ಪು ಹಾಕದ ತಣ್ಣನೆಯ ಗಂಜಿ ತಿಳಿ ಅಥವಾ ಬೆಲ್ಲದ ನೀರಿನಲ್ಲಿ ಬೀಜವನ್ನು ಸ್ವಲ್ಪ ಒದ್ದೆ ಮಾಡಿ, ಪುಡಿ ಹಾಕಿ, ಸಿಪ್ಪೆ ಏಳದಂತೆ ಕೈಯಿಂದ ಬೆರೆಸಿ.
5. ಹುಳಿ ಮಣ್ಣಾದರೆ ಮೇಲಿನಿಂದ ಸುಡದ ಸುಣ್ಣಕಲ್ಲಿನ ನುಣ್ಣನೆ ಪುಡಿ ಲೇಪಿಸಿ. ವೀಳ್ಯದೆಲೆಗೆ ಹಚ್ಚುವ ಸುಣ್ಣ, ಬೋರ್ಡೋಗೆ ಬಳಸುವ ಸುಣ್ಣ ಖಂಡಿತ ಬೇಡ; ಅದರ ಖಾರಕ್ಕೆ ಜೀವಾಣು ಸಾಯುತ್ತದೆ.
6. ನೆರಳಿನಲ್ಲಿ ಅರ್ಧ ಗಂಟೆ ಆರಿಸಿ, ಅದೇ ದಿನ ಬಿತ್ತಿ. ರಾಸಾಯನಿಕ ಗೊಬ್ಬರ, ಔಷಧಿ ಜೊತೆ ಬೆರೆಸಬೇಡಿ. ಅಡಿಕೆಗೆ ಬೋರ್ಡೋ ಕಲಸಿದ ಪಾತ್ರೆಯನ್ನೂ ಬಳಸಬೇಡಿ. ಅದರ ಮೈಲುತುತ್ತಿನಲ್ಲಿರುವ ತಾಮ್ರ ಜೀವಾಣುವಿಗೆ ವಿಷ.

ಫಲ ಸಿಕ್ಕಿತೋ ಇಲ್ಲವೋ ತಿಳಿಯುವುದು ಹೇಗೆ?

ಬಿತ್ತಿ 35-40 ದಿನವಾದಾಗ ಎರಡು ಗಿಡವನ್ನು ಮಣ್ಣು ಸಮೇತ ಅಗೆದು, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ಜೀವಾಣು ಕೆಲಸ ಮಾಡುತ್ತಿದೆ. ಬಿಳಿ, ಹಸಿರು ಇದ್ದರೆ ಇಲ್ಲ.

ಕೊಯ್ಲಾದ ಮೇಲೆ ಬುಡ ಸಮೇತ ಕೀಳದೆ ಮೇಲಿನಿಂದ ಕತ್ತರಿಸಿ. ಬೇರು ಮಣ್ಣಿನಲ್ಲೇ ಕೊಳೆಯಲಿ. ಸೊಪ್ಪನ್ನೂ ಅಲ್ಲೇ ಹಾಕಿದರೆ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ನಾವು ಹೇಳಿದೆವು ಎಂದು ಎಲ್ಲರೂ ಒಮ್ಮೆಲೇ ಮಾಡುವುದು ಬೇಡ. ಸಂಘದಲ್ಲಿ ಒಬ್ಬರ ಗದ್ದೆಯಲ್ಲಿ ನಾಲ್ಕು ಸಾಲು ಜೀವಾಣು ಹಚ್ಚಿದ ಬೀಜ, ನಾಲ್ಕು ಸಾಲು ಹಚ್ಚದ ಬೀಜ ಬಿತ್ತಿ. ಎರಡೂ ಕಡೆಯ ಖರ್ಚು, ಕೊಯ್ದ ಕಾಳಿನ ತೂಕ ಸಂಘದ ಪುಸ್ತಕದಲ್ಲಿ ಬರೆದಿಡಿ. ಲಾಭ ಕಂಡರೆ ಮುಂದಿನ ಸಲ ಎಲ್ಲರೂ ಸೇರಿ ಪ್ಯಾಕೆಟ್ ತರಿಸಿಕೊಳ್ಳಬಹುದು.