ಹರಿದ ತೆರೆ, ಉಳಿದ ಎಳೆ

ಕ್ರಿ.ಶ. 394ರ ಸುಮಾರು. ಸೈಪ್ರಸ್ಸಿನ ಬಿಷಪ್ ಎಪಿಫೇನಿಯಸ್ ಪ್ಯಾಲೆಸ್ಟೈನಿನ ಅನಾಬ್ಲಾಥ ಎಂಬ ಊರಿನ ಚರ್ಚಿಗೆ ಪ್ರಾರ್ಥನೆಗೆಂದು ಹೋದ. ಬಾಗಿಲ ತೆರೆಯ ಮೇಲೊಂದು ಮನುಷ್ಯಾಕೃತಿ! ಅದು ಕ್ರಿಸ್ತನದೋ ಯಾರೋ ಸಂತನದೋ ನೆನಪಿಲ್ಲ ಎಂದು ಆತನೇ ಪತ್ರದಲ್ಲಿ ಬರೆದಿದ್ದಾನೆ. ಚರ್ಚಿನಲ್ಲಿ ಮನುಷ್ಯನ ಚಿತ್ರವೇ ಎಂದು ಅಷ್ಟು ಸಿಟ್ಟು. ತೆರೆಯನ್ನು ಹರಿದು, ಬಡವನೊಬ್ಬನ ಶವಕ್ಕೆ ಸುತ್ತಿಬಿಡಿ ಎಂದ. ಹರಿದವರು ಬೇರೆ ಕೊಡಿಸಬೇಡವೇ ಎಂದು ಅಲ್ಲಿನವರು ಗೊಣಗಿದ್ದಕ್ಕೆ ಆಮೇಲೆ ಹೊಸ ತೆರೆಯನ್ನೂ ಕಳಿಸಿದ.

ಅದೇ ಕಾಲದ ಅಮಾಸಿಯದ ಬಿಷಪ್ ಆಸ್ಟೀರಿಯಸ್ ಹರಿಯಲಿಲ್ಲ, ಗೇಲಿ ಮಾಡಿದ. ಕಾನಾ ಊರಿನ ಮದುವೆ, ಹಾಸಿಗೆ ಹೊತ್ತು ನಡೆದ ಪಾರ್ಶ್ವವಾಯು ರೋಗಿ ಮುಂತಾದ ಸುವಾರ್ತೆಯ ಪ್ರಸಂಗಗಳನ್ನು ಸಿರಿವಂತರು ಉಡುಪಿನಲ್ಲೇ ನೇಯಿಸಿಕೊಂಡು ತಿರುಗುತ್ತಿದ್ದರು. ಚಿತ್ರ ಬರೆದ ಗೋಡೆಗಳಂತೆ ಕಾಣುತ್ತೀರಿ, ಆ ಬಟ್ಟೆ ಮಾರಿ ನಿಜವಾದ ರೋಗಿಗಳನ್ನು ನೋಡಿಕೊಳ್ಳಿ ಎಂಬುದು ಆತನ ಉಪದೇಶದ ತಿರುಳು.

ಉಪದೇಶ ಫಲಿಸಲಿಲ್ಲ. 563ರಲ್ಲಿ ಕವಿ ಪಾಲ್ ಸೈಲೆಂಟಿಯರಿ, ಕಾನ್‌ಸ್ಟಾಂಟಿನೋಪಲ್‌ನ ಹಾಗಿಯಾ ಸೋಫಿಯಾದ ಬಲಿಪೀಠದ ವಸ್ತ್ರವನ್ನು ವರ್ಣಿಸಿದ. ನಡುವೆ ಕ್ರಿಸ್ತ, ಅಕ್ಕಪಕ್ಕ ಪೇತ್ರ ಮತ್ತು ಪೌಲ, ಅಂಚಿನಲ್ಲಿ ಚಕ್ರವರ್ತಿ ಕಟ್ಟಿಸಿದ ಆಸ್ಪತ್ರೆ, ಚರ್ಚುಗಳು. ದೇವರ ಬಲಿಪೀಠಕ್ಕೇ ಅರಸನ ಜಾಹೀರಾತು! ಆ ರೇಷ್ಮೆ, ಚಿನ್ನವೆಲ್ಲ ಈಗಿಲ್ಲ, ವರ್ಣನೆಯಷ್ಟೇ ಇದೆ.

ಕಣ್ಣೆದುರು ತೂಗಿದ್ದು ಬಹುಪಾಲು ಹೋಯಿತು. ಮಣ್ಣಿನಲ್ಲಿ, ಪೆಟ್ಟಿಗೆಯಲ್ಲಿ ಮರೆಯಾದದ್ದು ಉಳಿಯಿತು. ಈಜಿಪ್ಟಿನ ಒಣ ಹವೆ ದೊಡ್ಡ ಉಪಕಾರಿ. ಅಲ್ಲಿ ಆರನೆಯ ಶತಮಾನದಲ್ಲಿ ನೇಯ್ದ, ಆಳೆತ್ತರದ ಉಣ್ಣೆಯ ಪರದೆಯೊಂದು ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಸಿಂಹಾಸನದಲ್ಲಿ ಮಗುವಿನೊಂದಿಗೆ ಮರಿಯಮ್ಮ, ಇಬ್ಬದಿಗೆ ಮಿಕಾಯೇಲ ಮತ್ತು ಗಬ್ರಿಯೇಲ, ಹೂಹಣ್ಣಿನ ಅಂಚಿನಲ್ಲಿ ಅಪೊಸ್ತಲರ ಮುಖಗಳು. ಇದು ಬಣ್ಣ ಬಳಿದ ಚಿತ್ರವಲ್ಲ. ಕಣ್ಣು, ಕೆನ್ನೆಯ ನೆರಳೂ ಮಗ್ಗದಲ್ಲಿ ಎಳೆಯೆಳೆಯಾಗಿ ಮೂಡಿದ್ದು. ರೋಮಿನಲ್ಲಿ ಪೋಪರ ಖಾಸಗಿ ಪ್ರಾರ್ಥನಾಲಯದಲ್ಲಿ ಪವಿತ್ರ ಅವಶೇಷಗಳ ಜೊತೆ ಮುಚ್ಚಿಟ್ಟಿದ್ದ ರೇಷ್ಮೆಯೂ ಹಾಗೆಯೇ ಉಳಿಯಿತು. ಅದರ ಕೆಂಪು ನೆಲದ ಮೇಲೆ, ಹೂವಿನ ಬಳೆಯೊಳಗೆ ಗಬ್ರಿಯೇಲ ಮರಿಯಮ್ಮನಿಗೆ ಶುಭವಾರ್ತೆ ಹೇಳುತ್ತಿದ್ದಾನೆ.

ಇಂಗ್ಲೆಂಡಿನಲ್ಲಿ ಕಾಪಾಡಿದ್ದು ಸಂತ ಕತ್‌ಬರ್ಟನ ಶವಪೆಟ್ಟಿಗೆ. 1827ರಲ್ಲಿ ಉತ್ತರದ ಡರ್‌ಹ್ಯಾಮ್‌ನಲ್ಲಿ ಅದನ್ನು ತೆರೆದಾಗ ಪಾದ್ರಿಗಳು ಕೊರಳಿಗೆ ಹಾಕುವ ಉದ್ದನೆಯ ಕಸೂತಿ ಪಟ್ಟಿ ಸಿಕ್ಕಿತು. ಅದರ ತುಂಬ ನಿಂತ ಪ್ರವಾದಿಗಳು, ಪಕ್ಕದಲ್ಲಿ ಅವರ ಹೆಸರು. ಚಿನ್ನದ ಎಳೆಯನ್ನು ಬಟ್ಟೆಯ ಮೇಲ್ಭಾಗದಲ್ಲೇ ಹಾಸಿ, ಸಣ್ಣ ಹೊಲಿಗೆಯಿಂದ ಹಿಡಿದು ನಿಲ್ಲಿಸಿದ್ದಾರೆ. ತುದಿಗಳ ಹಿಂಬದಿಯ ಬರಹ, ರಾಣಿ ಎಲ್‌ಫ್ಲೆಡ್ ಇದನ್ನು ಬಿಷಪ್ ಫ್ರಿಥೆಸ್ಟಾನ್‌ಗಾಗಿ ಮಾಡಿಸಿದಳೆಂದು ತಿಳಿಸುತ್ತದೆ. ಆತ ವಿಂಚೆಸ್ಟರಿನ ಬಿಷಪ್. ಹಾಗಾಗಿ ಪಟ್ಟಿ ದಕ್ಷಿಣದ್ದು. ಅದನ್ನು ಉತ್ತರಕ್ಕೆ ಒಯ್ದವನು ರಾಜ ಆಥೆಲ್‌ಸ್ಟಾನ್ ಎಂದು ವಿದ್ವಾಂಸರು ಹೇಳುತ್ತಾರೆ. ಆತ ಸುಮಾರು 934ರಲ್ಲಿ ಕತ್‌ಬರ್ಟನ ಸಮಾಧಿಗೆ ಕಾಣಿಕೆಗಳನ್ನು ಒಪ್ಪಿಸಿದ. ಸಂತ ತೀರಿಕೊಂಡದ್ದು ಅದಕ್ಕೂ ಬಹಳ ಹಿಂದೆ, 687ರಲ್ಲಿ.